ಒಂದೇ ಬೀದಿ, ಎರಡು ಒಪೆರಾ ಮನೆ: ಗೋಜೋ ದ್ವೀಪದ ಸಂಗೀತಪ್ರಿಯರ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಸಿಸಿಲಿಯ ದಕ್ಷಿಣಕ್ಕೆ ಮಾಲ್ಟಾ ದೇಶ, ಅದರ ಎರಡನೇ ದ್ವೀಪ ಗೋಜೋ. ಒಪೆರಾ ಎಂದರೆ ಇಡೀ ಕಥೆಯನ್ನು ಹಾಡಿಯೇ ಆಡುವ ಪಾಶ್ಚಾತ್ಯ ನಾಟಕ. ಅಲ್ಲಿನ ಎರಡು ಒಪೆರಾ ಮನೆಗಳ ಜಿದ್ದಾಜಿದ್ದಿಯ ಸುದ್ದಿ ಕೇಳಿದವರು ಮೊದಲು ನಗುತ್ತಾರೆ, ಆಮೇಲೆ ಒಂದೊಂದಾಗಿ ಪ್ರಶ್ನೆ ತೆಗೆಯುತ್ತಾರೆ. ಮಾತಿನಲ್ಲೂ ಪತ್ರಗಳಲ್ಲೂ ಮತ್ತೆ ಮತ್ತೆ ಬಂದವನ್ನು ಇಲ್ಲಿ ಕಲೆಹಾಕಿದೆ. ಗುರುತು ಪರಿಚಯದ ಪ್ರಶ್ನೆಗಳು ಮೊದಲು, ನೋಡಲು ಹೋಗುವವರದು ಆಮೇಲೆ, ಒಳಗಿನ ತಯಾರಿಯದು ಅದರ ನಂತರ, ಇದೇ ವಸ್ತುವಿನ ಮೇಲೆ ಹಾಸ್ಯ ನಾಟಕ ಕಟ್ಟಬೇಕೆನ್ನುವವರದು ಕೊನೆಗೆ.

## ಗುರುತು ಪರಿಚಯ

ಇದು ನಿಜವಾ, ಯಾರಾದರೂ ಕಟ್ಟಿದ ಕಥೆಯಾ? ಅಷ್ಟು ಸಣ್ಣ ದ್ವೀಪಕ್ಕೆ ಎರಡು ಒಪೆರಾ ಮನೆ?

ನಿಜ. ಗೋಜೋದ ವಿಸ್ತೀರ್ಣ 67 ಚದರ ಕಿಲೋಮೀಟರ್. 2021ರ ಜನಗಣತಿ ಪ್ರಕಾರ ಜನಸಂಖ್ಯೆ ಸುಮಾರು 39 ಸಾವಿರ. ಅದರ ಮುಖ್ಯ ಪಟ್ಟಣ ವಿಕ್ಟೋರಿಯಾ. ಬ್ರಿಟಿಷ್ ರಾಣಿ ವಿಕ್ಟೋರಿಯಾಳ ಆಳ್ವಿಕೆಯ ಸುವರ್ಣ ಮಹೋತ್ಸವದ ನೆಪದಲ್ಲಿ 1887ರಲ್ಲಿ ಇಟ್ಟ ಹೆಸರು ಅದು. ಊರಿನವರ ಬಾಯಲ್ಲಿ ಇವತ್ತಿಗೂ ರಬಾತ್. ಪಟ್ಟಣದ ದೊಡ್ಡ ರಸ್ತೆ ರಿಪಬ್ಲಿಕ್ ಸ್ಟ್ರೀಟ್‌ನಲ್ಲಿ ಆಸ್ತ್ರಾ, ಔರೋರಾ ಎಂಬ ಎರಡು ರಂಗಮಂದಿರಗಳಿವೆ. ಒಂದರಿಂದ ಇನ್ನೊಂದಕ್ಕೆ ನಡೆದುಹೋಗಲು ಕೆಲವೇ ನಿಮಿಷ. ಆಸ್ತ್ರಾ ಬಾಗಿಲು ತೆರೆದದ್ದು 1968ರಲ್ಲಿ, ಔರೋರಾ 1976ರಲ್ಲಿ. ಔರೋರಾದವರು 1977ರಲ್ಲಿ ಇಟಲಿಯ ಸಂಗೀತಕಾರ ಪುಚ್ಚೀನಿಯ 'ಮದಾಮಾ ಬಟರ್‌ಫ್ಲೈ' ಆಡಿದರು. ಆಸ್ತ್ರಾದವರು ಸುಮ್ಮನಿರುತ್ತಾರೆಯೇ, 1978ರಲ್ಲಿ ಇನ್ನೊಬ್ಬ ಇಟಾಲಿಯನ್ ಸಂಗೀತಕಾರ ವೆರ್ದಿಯ 'ರಿಗೊಲೆತ್ತೋ' ಆಡಿದರು. ಅಲ್ಲಿಂದ ಮುಂದೆ ಯಾರೂ ಹಿಂದೆ ಸರಿದಿಲ್ಲ. 2003ರಲ್ಲಿ ಆಸ್ತ್ರಾಕ್ಕೆ ಬೆಂಕಿ ಬಿದ್ದು ಭಾರಿ ಹಾನಿಯಾಯಿತು. ಅದನ್ನೂ ಮತ್ತೆ ಕಟ್ಟಿ ನಿಲ್ಲಿಸಿದರು.

ಯಾರು ಯಾವ ಕಡೆ? ನನಗೆ ಎರಡರ ಹೆಸರೂ ಕಲಸಿಹೋಗುತ್ತದೆ.

ರಂಗಮಂದಿರಗಳ ಹಿಂದಿರುವ ಬ್ಯಾಂಡ್ ಸಂಘಗಳನ್ನು, ಅವುಗಳ ಹಿಂದಿರುವ ಚರ್ಚುಗಳನ್ನು ಹಿಡಿದರೆ ಗೊಂದಲವಿಲ್ಲ. ಕೋಟೆಯ ಮೇಲಿನ ಕೆಥೆಡ್ರಲ್ ಕಡೆಯದು ಲೆಯೋನೆ ಸಂಘ, ಅದರ ರಂಗಮಂದಿರ ಔರೋರಾ, ಅದರ ಹಬ್ಬ ಆಗಸ್ಟ್ 15ರ ಸಾಂತಾ ಮರಿಯಾ. ಕೆಳಗೆ ಪಟ್ಟಣದ ಒಳಗಿರುವ ಸಂತ ಜಾರ್ಜ್ ಬೆಸಿಲಿಕಾ ಕಡೆಯದು ಲಾ ಸ್ಟೆಲ್ಲಾ ಸಂಘ, ಅದರ ರಂಗಮಂದಿರ ಆಸ್ತ್ರಾ, ಅದರ ಹಬ್ಬ ಜುಲೈ ಮೂರನೇ ಭಾನುವಾರ. ಸಿಂಹ ಲೆಯೋನೆಯವರ ಲಾಂಛನ, ನಕ್ಷತ್ರ ಲಾ ಸ್ಟೆಲ್ಲಾದವರದು. ಎರಡೂ ಸಂಘಗಳು ತಮ್ಮ ಹುಟ್ಟನ್ನು 1863ರಿಂದಲೇ ಎಣಿಸುತ್ತವೆ. ಹಾಗಾಗಿ 'ಯಾರು ಹಿರಿಯರು?' ಎಂಬ ಪ್ರಶ್ನೆಯನ್ನು ಅಲ್ಲಿಯ ಬಾರ್‌ನಲ್ಲಿ ಕುಳಿತು ಎತ್ತಬೇಡಿ; ವಾಪಸ್ ಹಡಗು ತಪ್ಪೀತು.

ಬ್ಯಾಂಡ್ ಸಂಘ ಅಂದ್ರೆ ನಮ್ಮ ಮದುವೆ ಬ್ಯಾಂಡ್‌ಸೆಟ್ ಥರಾನಾ?

ಅಲ್ಲ. ಬಾಡಿಗೆಗೆ ಬಂದು ನುಡಿಸಿ ಹೋಗುವ ತಂಡ ಅದಲ್ಲ. ಮಾಲ್ಟಾದ ಊರುಗಳಲ್ಲಿ ಕಾಜೀನ್ ಎಂದು ಕರೆಯುವ ಕಟ್ಟಡವೊಂದು ಚೌಕದ ಎದುರಿಗೇ ಇರುತ್ತದೆ. ಕೆಳಗೆ ಬಾರ್, ಒಳಗೆ ಟ್ರೋಫಿಗಳೂ ಸತ್ತ ಅಧ್ಯಕ್ಷರ ಫೋಟೋಗಳೂ, ತಾಲೀಮಿಗೊಂದು ಕೋಣೆ. ಇಡೀ ದೇಶದಲ್ಲಿ ಇಂಥವು ತೊಂಬತ್ತರ ಆಸುಪಾಸು ಇವೆ. ಹಲವು ಊರುಗಳಲ್ಲಿ ಎರಡೆರಡು. ಮಕ್ಕಳಿಗೆ ಪಾಠ ಸಾಮಾನ್ಯವಾಗಿ ಪುಕ್ಕಟೆ, ವಾದ್ಯವೂ ಸಂಘದ್ದೇ. ಇಟಲಿಯ ಪದ್ಧತಿಯಂತೆ ಮೊದಲು ಸ್ವರಪಾಠ, ಆಮೇಲೆ ಕೈಗೆ ವಾದ್ಯ. ಕೂಡಲೇ ಕ್ಲಾರಿನೆಟ್ ಊದಬೇಕೆಂದು ಬಂದ ಹುಡುಗ ತಿಂಗಳುಗಟ್ಟಲೆ ತಾಳ ಕುಟ್ಟುತ್ತಾ ಸ್ವರ ಓದುತ್ತಾನೆ. ಅರ್ಧ ಮಂದಿ ಅಲ್ಲೇ ಬಿಟ್ಟುಹೋಗುತ್ತಾರೆ, ಉಳಿದವರು ಸಾಯುವ ತನಕ ಬಿಡುವುದಿಲ್ಲ.

ತಂಡದಲ್ಲಿ ಕ್ಲಾರಿನೆಟ್‌ಗಳದೇ ದೊಡ್ಡ ಪಾಲು. ಜೊತೆಗೆ ಕೊಳಲು, ಸ್ಯಾಕ್ಸೋಫೋನ್, ಟ್ರಂಪೆಟ್, ಹಾರ್ನ್, ಟ್ರೊಂಬೋನ್, ಯುಫೋನಿಯಂ, ಟ್ಯೂಬಾ, ಡ್ರಮ್ಮು, ಝಲ್ಲರಿ. ನಡೆಸುವಾತ ಸುರ್ಮಾಸ್ತ್. ಹಬ್ಬದ ಬೀದಿಯಲ್ಲಿ ನುಡಿಸುವ ಹುರುಪಿನ ಮಾರ್ಚ್‌ಗಳು ಒಂದು ಬಗೆ, ಶುಭ ಶುಕ್ರವಾರದ ಶೋಕದ ಮಾರ್ಚ್‌ಗಳು ಇನ್ನೊಂದು. ಹಬ್ಬದ ರಾತ್ರಿ ಬಣ್ಣಬಣ್ಣದ ಮರದ ಮಂಟಪ ಹತ್ತಿ ನುಡಿಸುವ ಒಪೆರಾ ಭಾಗಗಳು ಮೂರನೆಯದು. ಈ ಮೂರನೆಯದರಿಂದಲೇ ಅಡುಗೆಮನೆಯಲ್ಲಿರುವ ಅಜ್ಜಿಗೂ ವೆರ್ದಿ ಬಾಯಿಪಾಠ.

ಇಬ್ಬರೂ ಸೇರಿ ಒಂದೇ ಒಪೆರಾ ಮಾಡಿದರೆ ಖರ್ಚು ಉಳಿಯುತ್ತದಲ್ಲ? ಇಷ್ಟು ಸರಳ ಲೆಕ್ಕ ಅವರಿಗೆ ಗೊತ್ತಾಗಲ್ವಾ?

ಅತಿ ಹೆಚ್ಚು ಬರುವ ಪ್ರಶ್ನೆ ಇದು. ಲೆಕ್ಕ ಸರಿ, ಉತ್ತರ ತಪ್ಪು. ಇಬ್ಬರೂ ಸೇರಿದರೆ ಒಂದು ಒಪೆರಾ ಉಳಿಯುವುದಿಲ್ಲ, ಒಂದೂ ಉಳಿಯುವುದಿಲ್ಲ.

ಹಣ ಎಲ್ಲಿಂದ ಬರುತ್ತದೆ ನೋಡಿ: ಬಾರ್‌ನ ವ್ಯಾಪಾರ, ಸಭಾಂಗಣದ ಬಾಡಿಗೆ, ಲಾಟರಿ, ಮನೆಮನೆಯ ದೇಣಿಗೆ, ಒಂದಿಷ್ಟು ಸರ್ಕಾರಿ ನೆರವು. ಶ್ರಮ ಎಲ್ಲಿಂದ ಬರುತ್ತದೆ: ಕೆಲಸ ಮುಗಿಸಿ ಬಂದು ರಾತ್ರಿ ಬಡಗಿತನ ಮಾಡುವವರಿಂದ, ನೂರಾರು ಉಡುಪು ಹೊಲಿಯುವ ಹೆಂಗಸರಿಂದ, ಕೋರಸ್ಸಿನಲ್ಲಿ, ಅಂದರೆ ಗುಂಪುಹಾಡಿನಲ್ಲಿ, ಹಾಡುವ ಮೇಷ್ಟ್ರು, ಅಂಗಡಿಯವರು, ಗುಮಾಸ್ತರಿಂದ. ಇವರಲ್ಲಿ ಬಹುಪಾಲು ಜನ 'ಕಲೆಗಾಗಿ' ಬರುವವರಲ್ಲ. ಕಳೆದ ವರ್ಷ ಆಚೆಯವರ ರಂಗಸಜ್ಜಿಕೆ ನಮ್ಮದಕ್ಕಿಂತ ಎತ್ತರವಿತ್ತು ಎಂಬ ಸಂಕಟಕ್ಕೆ ಬರುವವರು. ಈ ಹುರುಡಿಗೆ ಅಲ್ಲಿ ಪೀಕಾ ಎನ್ನುತ್ತಾರೆ. 1960ರ ದಶಕದಲ್ಲಿ ಮಾಲ್ಟಾದ ಹಳ್ಳಿಗಳಲ್ಲಿದ್ದು ಅಧ್ಯಯನ ಮಾಡಿದ ಡಚ್ ಮಾನವಶಾಸ್ತ್ರಜ್ಞ ಜೆರೆಮಿ ಬೊಯ್ಸೆವೈನ್ ಹಬ್ಬದ ಪಂಗಡಗಳನ್ನು ಗಂಭೀರವಾಗಿ ತೆಗೆದುಕೊಂಡದ್ದು ಇದಕ್ಕೇ. ಊರಿನ ರಾಜಕೀಯ, ಮದುವೆ, ವ್ಯಾಪಾರ ಎಲ್ಲದರ ಒಳಗೂ ಈ ಪಂಗಡ ಹರಿಯುತ್ತಿತ್ತು. ಪೀಕಾವನ್ನು ತೆಗೆದರೆ ಉಳಿಯುವುದು ಖಾಲಿ ಕುರ್ಚಿ, ಕರೆಂಟ್ ಬಿಲ್ಲು.

ದೊಡ್ಡ ದ್ವೀಪದಲ್ಲಿ, ರಾಜಧಾನಿಯಲ್ಲಿ ಒಪೆರಾ ಮನೆ ಇಲ್ವಾ?

ಇತ್ತು. ವಾಲೆಟ್ಟಾದ ರಾಯಲ್ ಒಪೆರಾ ಹೌಸ್ 1866ರಲ್ಲಿ ತೆರೆಯಿತು, 1873ರಲ್ಲಿ ಒಳಗೆಲ್ಲ ಸುಟ್ಟಿತು, 1877ರಲ್ಲಿ ಮತ್ತೆ ತೆರೆಯಿತು, 1942ರ ಏಪ್ರಿಲ್ 7ರಂದು ಬಾಂಬಿಗೆ ಸಿಕ್ಕಿ ನೆಲಕಚ್ಚಿತು. ಮತ್ತೆ ಕಟ್ಟುವ ಮಾತು ಏಳು ದಶಕ ನಡೆದು, ಕೊನೆಗೆ 2013ರಲ್ಲಿ ವಾಸ್ತುಶಿಲ್ಪಿ ರೆಂಜೋ ಪಿಯಾನೋ ಆ ಅವಶೇಷದ ನಡುವೆ ಸೂರಿಲ್ಲದ ರಂಗಸ್ಥಳ ಮಾಡಿಕೊಟ್ಟರು. 1731ರ ಮನೋಯೆಲ್ ಥಿಯೇಟರ್ ಇಂದಿಗೂ ನಡೆಯುತ್ತಿದೆ, ಸುಂದರವಾಗಿದೆ, ಆದರೆ ಪುಟ್ಟದು. ಅಂತೂ ರಾಜಧಾನಿ ಯೋಜನೆ ಬರೆಯುತ್ತಾ ಕುಳಿತಿದ್ದ ಕಾಲದಲ್ಲಿ ಗೋಜೋದವರು ಎರಡು ಕಟ್ಟಿ ಮುಗಿಸಿದ್ದರು.

## ನೋಡಲು ಹೋಗುವವರಿಗೆ

ಯಾವ ತಿಂಗಳಲ್ಲಿ ಹೋದರೆ ಎರಡೂ ಸಿಗುತ್ತವೆ?

ಅಕ್ಟೋಬರ್. ಎರಡೂ ಕಡೆಯವರು ಅದೇ ತಿಂಗಳಲ್ಲಿ ಬೇರೆಬೇರೆ ವಾರಾಂತ್ಯಗಳಲ್ಲಿ ಒಪೆರಾ ಇಡುತ್ತಾರೆ. ಪ್ರತಿಯೊಂದಕ್ಕೂ ಒಂದೋ ಎರಡೋ ಪ್ರದರ್ಶನ ಅಷ್ಟೇ. ತಪ್ಪಿದರೆ ಮುಂದಿನ ವರ್ಷ. ದಿನಾಂಕ ಅಲ್ಲಿಯ ಬೇಸಿಗೆಯ (ಜೂನ್‌ನಿಂದ ಆಗಸ್ಟ್) ಹೊತ್ತಿಗೆ ಗೊತ್ತಾಗುತ್ತದೆ. ವಿಮಾನದ ಟಿಕೆಟ್‌ಗಿಂತ ಮೊದಲು ಒಪೆರಾ ಟಿಕೆಟ್ ತೆಗೆದುಕೊಳ್ಳಿ. ಒಳ್ಳೆಯ ಜಾಗ ಮೊದಲು ಖಾಲಿಯಾಗುವುದು ಅಲ್ಲೇ.

ಭಾರತದಿಂದ ಹೋಗುವವರಿಗೆ ಬೇಕಾದ್ದು ಷೆಂಗೆನ್ ವೀಸಾ. 2024ರ ಜೂನ್‌ನಿಂದ ದೊಡ್ಡವರಿಗೆ ಶುಲ್ಕ 90 ಯೂರೋ. ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳಿಗಿಂತ ಮುಂಚೆ ಹಾಕುವಂತಿಲ್ಲ, 15 ದಿನಕ್ಕಿಂತ ತಡಮಾಡುವಂತಿಲ್ಲ; 30,000 ಯೂರೋ ರಕ್ಷಣೆಯ ಪ್ರಯಾಣ ವಿಮೆ ಕಡ್ಡಾಯ. ಅಕ್ಟೋಬರ್ ಕಾರ್ಯಕ್ರಮಕ್ಕೆ ಜುಲೈನಲ್ಲೇ ಅರ್ಜಿ ಹಾಕಿದರೆ ನೆಮ್ಮದಿ.

ಆಟ ಮುಗಿದ ಮೇಲೆ ರಾತ್ರಿ ವಾಪಸ್ ಮಾಲ್ಟಾಕ್ಕೆ ಬರಬಹುದಾ?

ಬರಬಹುದು, ಆದರೆ ಸುಖವಿಲ್ಲ. ಗೋಜೋದಲ್ಲೇ ತಂಗಿ. ದೊಡ್ಡ ದ್ವೀಪದ ಚಿರ್ಕೆವ್ವಾ ಬಂದರಿನಿಂದ ಗೋಜೋದ ಇಮ್ಜಾರ್ ಬಂದರಿಗೆ ದೊಡ್ಡ ಹಡಗು ಸುಮಾರು 25 ನಿಮಿಷದ್ದು. ರಾತ್ರಿಯಿಡೀ ಇರುತ್ತದೆ, ಆದರೆ ನಡುರಾತ್ರಿ ಅಂತರ ಹೆಚ್ಚು. ಹೋಗುವಾಗ ಯಾರೂ ದುಡ್ಡು ಕೇಳುವುದಿಲ್ಲ. ಗೋಜೋದಿಂದ ಹೊರಡುವಾಗ ವಸೂಲಿ. ಕಾಲ್ನಡಿಗೆಯವರಿಗೆ ಮಾಮೂಲಿ ದರ 4.65 ಯೂರೋ. ವಾಲೆಟ್ಟಾದಿಂದ ನೇರ ಬರುವ ವೇಗದ ದೋಣಿ 2021ರಲ್ಲಿ ಶುರುವಾಯಿತು, ಸುಮಾರು 45 ನಿಮಿಷ. ಒಪೆರಾ ಮುಗಿಯುವ ಹೊತ್ತಿಗೆ ಅದನ್ನು ನೆಚ್ಚಬೇಡಿ. ಗಾಳಿ ಜೋರಾದರೆ ಮೊದಲು ನಿಲ್ಲುವುದೂ ಅದೇ. ವಿಮಾನ ನಿಲ್ದಾಣದಿಂದ ಚಿರ್ಕೆವ್ವಾಕ್ಕೆ ಎಕ್ಸ್1 ಬಸ್ಸು ನೇರ ಹೋಗುತ್ತದೆ. ಸಂಜೆಯ ಟ್ರಾಫಿಕ್ಕಿನಲ್ಲಿ ಒಂದೂವರೆ ಗಂಟೆ ಹಿಡಿದುಕೊಳ್ಳಿ.

ಒಂದು ಕಡೆ ನೋಡಿ ಮರುವಾರ ಇನ್ನೊಂದು ಕಡೆ ಹೋದರೆ ಬೇಜಾರು ಮಾಡ್ಕೋತಾರಾ?

ಹೊರಗಿನವರಿಗೆ ಮಾಫಿ. ಊರಿನವರಲ್ಲಿ ಆಚೆಯ ರಂಗಮಂದಿರದ ಹೊಸ್ತಿಲು ತುಳಿಯದೆ ಕೂದಲು ನೆರೆಸಿದವರಿದ್ದಾರೆ. ನಿಮ್ಮನ್ನು ಮಾತ್ರ ಬಾಯಿತುಂಬ ವಿಚಾರಿಸುತ್ತಾರೆ: ಅಲ್ಲಿ ಜನ ಎಷ್ಟಿದ್ದರು, ಟೆನರ್ (ಏರುದನಿಯ ಗಂಡು ಗಾಯಕ) ಹೇಗಿದ್ದ, ಪರದೆ ಸಿಕ್ಕಿಹಾಕಿಕೊಂಡಿತಂತೆ ಹೌದಾ. 'ಎರಡೂ ಚೆನ್ನಾಗಿತ್ತು' ಎಂದರೆ ಯಾರಿಗೂ ಸಮಾಧಾನವಿಲ್ಲ, ಆದರೂ ಅದನ್ನೇ ಹೇಳಿ.

ಇದರಲ್ಲೊಂದು ಮೋಜಿದೆ. ಎರಡೂ ಕಡೆ ಕೆಳಗೆ ಕುಳಿತು ನುಡಿಸುವುದು ಸಾಮಾನ್ಯವಾಗಿ ಒಂದೇ ವಾದ್ಯವೃಂದ, ಮಾಲ್ಟಾ ಫಿಲ್ಹಾರ್ಮೋನಿಕ್. ಒಂದು ವಾರ ಸಿಂಹದ ಮನೆಯಲ್ಲಿ ಪಿಟೀಲು ತಿಕ್ಕಿದವರೇ ಮುಂದೆ ನಕ್ಷತ್ರದ ಮನೆಯಲ್ಲೂ ತಿಕ್ಕುತ್ತಾರೆ. ಈ ವಿಷಯ ಎಲ್ಲರಿಗೂ ಗೊತ್ತು, ಯಾರೂ ಎತ್ತುವುದಿಲ್ಲ.

ಒಪೆರಾ ಒಂದೂ ನೋಡಿಲ್ಲ. ಇಟಾಲಿಯನ್ ಬರಲ್ಲ. ನಿದ್ದೆ ಬರುತ್ತಾ?

ಕಥೆ ಗೊತ್ತಿಲ್ಲದೆ ಹೋದರೆ ಬರುತ್ತದೆ. ಹಿಂದಿನ ದಿನ ಅಂಕವಾರು ಕಥೆ ಓದಿಕೊಳ್ಳಿ. ಮೂರು ಜಾಗಗಳನ್ನು ಮೊದಲೇ ಕೇಳಿ ಕಿವಿಗೆ ಹಾಕಿಕೊಳ್ಳಿ: ಒಂದು ಒಂಟಿ ಹಾಡು, ಒಂದು ಕೋರಸ್, ಒಂದು ಅಂಕದ ಮುಕ್ತಾಯ. ಆಯ್ಕೆ ನಿಮ್ಮ ಕೈಯಲ್ಲಿದ್ದರೆ ಮೊದಲ ಸಲಕ್ಕೆ 'ತೋಸ್ಕಾ' ವಾಸಿ. ಸಂಗೀತ ಎರಡು ಗಂಟೆಯೊಳಗೆ, ಕಥೆ ಒಂದು ಹಗಲು ಒಂದು ರಾತ್ರಿಯಲ್ಲಿ ಮುಗಿಯುತ್ತದೆ, ಖಳನಾಯಕ ಯಾರೆಂದು ಯಾರಿಗೂ ಹೇಳಿಕೊಡಬೇಕಿಲ್ಲ. 'ಐದಾ' ಕಣ್ಣಿಗೆ ಹಬ್ಬ, ಆದರೆ ಉದ್ದ. ದೊಡ್ಡ ಹಾಡು ಮುಗಿದಾಗ ಚಪ್ಪಾಳೆ ತಟ್ಟುವುದು ಇಟಾಲಿಯನ್ ಒಪೆರಾದಲ್ಲಿ ರೂಢಿ, ಸಂಕೋಚ ಬೇಡ. ಉಡುಪು ಮದುವೆ ಆರತಕ್ಷತೆಗೆ ಹೋಗುವಷ್ಟಿದ್ದರೆ ಸಾಕು.

ಅಕ್ಟೋಬರ್ ಆಗಲ್ಲ, ಅಲ್ಲಿಯ ಬೇಸಿಗೆಯಲ್ಲಿ ಹೋದರೆ ಏನು ಸಿಗುತ್ತೆ?

ಹಬ್ಬ ಸಿಗುತ್ತದೆ. ಪೀಕಾವನ್ನು ಬೀದಿಯಲ್ಲೇ ನೋಡಬೇಕೆಂದರೆ ಅದೇ ಮೇಲು. ಮಾಲ್ಟಾದ ಊರಹಬ್ಬ 2023ರಲ್ಲಿ ಯುನೆಸ್ಕೋದ ಪಟ್ಟಿ ಸೇರಿದೆ. ಜುಲೈ ಮೂರನೇ ವಾರ ಒಬ್ಬರದು, ಆಗಸ್ಟ್ ನಡುವೆ ಇನ್ನೊಬ್ಬರದು. ಬೆಳಗಿನ ಮೆರವಣಿಗೆಯಲ್ಲಿ ಬ್ಯಾಂಡು ಒಂದು ಬೀದಿ ದಾಟಲು ಗಂಟೆಗಟ್ಟಲೆ ತೆಗೆದುಕೊಳ್ಳುತ್ತದೆ. ಪ್ರತಿ ಮಾರ್ಚ್‌ಗೂ ಯುವಕರು ಹೆಗಲೇರಿ ಹಾಡಬೇಕು, ಬಾಲ್ಕನಿಯಿಂದ ಚೂರುಕಾಗದ ಸುರಿಯಬೇಕು. ರಿಪಬ್ಲಿಕ್ ಸ್ಟ್ರೀಟ್‌ನಲ್ಲಿ ಕುದುರೆ ಓಟವೂ ಉಂಟು. ಕಿವಿಗೆ ಹತ್ತಿ ಇಟ್ಟುಕೊಳ್ಳಿ. ಹಗಲಲ್ಲೂ ಸಿಡಿಮದ್ದು ಹಾರಿಸುತ್ತಾರೆ. ನೀರಿನ ಬಾಟಲಿ ಮರೆಯಬೇಡಿ, ನೆರಳು ಸಿಗುವುದಿಲ್ಲ.

ನಾನು ಮಾಲ್ಟಾದಲ್ಲೇ ಕೆಲಸದಲ್ಲಿದ್ದೇನೆ. ಹಾಡಲು ಬರುತ್ತೆ. ಸೇರಿಸ್ಕೋತಾರಾ?

ಕೋರಸ್ಸಿಗೆ ಗಂಡಸರ ಕಂಠ, ಅದರಲ್ಲೂ ಟೆನರ್, ಎಲ್ಲ ಕಡೆಯೂ ಬರ. ನೇರ ಹೋಗಿ ಕೇಳಿ. ಕೇಳುವುದು ಮೂರು: ಶ್ರುತಿ ನಿಲ್ಲುತ್ತದೆಯೇ, ಹೇಳಿಕೊಟ್ಟದ್ದು ನೆನಪಿರುತ್ತದೆಯೇ, ತಾಲೀಮಿಗೆ ತಪ್ಪದೆ ಬರುತ್ತೀರಾ. ಕರ್ನಾಟಕ ಅಥವಾ ಹಿಂದೂಸ್ತಾನಿ ಕಲಿತವರಿಗೆ ಮೊದಲ ಎರಡರಲ್ಲಿ ತೊಂದರೆಯಿಲ್ಲ. ಕಷ್ಟವಾಗುವುದು ಬೇರೆ: ಪಕ್ಕದವರು ಬೇರೆ ಸ್ವರ ಹಾಡುತ್ತಿರುವಾಗ ನಿಮ್ಮದನ್ನು ಗಮಕ ಹಚ್ಚದೆ ನೇರ ಹಿಡಿದಿರುವುದು. ಪಾಳಿ ಕೆಲಸದವರು ತಾಲೀಮಿನ ವಾರಗಳನ್ನು ಮೊದಲೇ ಮೇಲಧಿಕಾರಿಗೆ ತಿಳಿಸಿ. ಇನ್ನೊಂದು ಮಾತು, ಒಂದು ಕಡೆ ಸೇರಿದ ಮೇಲೆ ಆ ಕಡೆಯೇ.

## ಒಳಗಿನ ಕೆಲಸ

ಹಗಲು ಅಂಗಡಿ ನಡೆಸುವವರು ವೆರ್ದಿಯನ್ನು ಹಾಡಲು ಹೇಗೆ ತಯಾರಾಗುತ್ತಾರೆ?

ಮುಖ್ಯ ಗಾಯಕರು ಹೆಚ್ಚಾಗಿ ಹೊರದೇಶದ ವೃತ್ತಿಪರರು. ಅವರು ಪಾತ್ರವನ್ನು ಕಲಿತುಕೊಂಡೇ ಬರುತ್ತಾರೆ. ಕೊನೆಯ ದಿನಗಳಲ್ಲಿ ಬಂದು ಸೇರುತ್ತಾರೆ. ತಿಂಗಳುಗಟ್ಟಲೆ ಬೆವರು ಸುರಿಸುವುದು ಕೋರಸ್. ಇಂಥ ಹವ್ಯಾಸಿ ಕೋರಸ್ ತಯಾರಾಗುವ ಕ್ರಮ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ. ಮೊದಲು ಪಿಯಾನೋ ಜೊತೆ ಸೊಪ್ರಾನೊ, ಆಲ್ಟೊ (ಹೆಂಗಸರ ಮೇಲಿನ, ಕೆಳಗಿನ ದನಿ), ಟೆನರ್, ಬಾಸ್ (ಗಂಡಸರ ಮೇಲಿನ, ಕೆಳಗಿನ ದನಿ) ಬೇರೆಬೇರೆ ಕೂತು ಸ್ವರ ಕಲಿಯುವುದು. ಆಮೇಲೆ ಸಾಹಿತ್ಯವನ್ನು ಹಾಡದೆ, ಬರೀ ಲಯದಲ್ಲಿ ಮಾತಾಡಿ ನಾಲಗೆಗೆ ಕೂರಿಸುವುದು; ಈ ಹಂತ ಹಾರಿಸಿದವರ ವ್ಯಂಜನಗಳು ಪ್ರದರ್ಶನದ ದಿನ ಮಾಯ. ನಂತರ ನಾಲ್ಕೂ ಸೇರಿಸುವುದು, ಪುಸ್ತಕ ಮುಚ್ಚುವುದು, ಆಮೇಲಷ್ಟೇ ರಂಗದ ಮೇಲೆ ನಡಿಗೆ. ಪುಸ್ತಕ ಕೈಯಲ್ಲಿರುವಾಗಲೇ ನಡಿಗೆ ಶುರುಮಾಡಿದರೆ ಜನ ಎರಡನ್ನೂ ಅರ್ಧರ್ಧ ಕಲಿಯುತ್ತಾರೆ. ಕೊನೆಗೆ ವಾದ್ಯವೃಂದದೊಂದಿಗೆ ನಟನೆಯಿಲ್ಲದೆ ಕುಳಿತು ಒಂದು ತಾಲೀಮು, ನಿಂತು ಒಂದೆರಡು, ಉಡುಪಿನೊಂದಿಗೆ ಒಂದು. ವಾದ್ಯವೃಂದದ ಪ್ರತಿ ಗಂಟೆಗೂ ದುಡ್ಡು ಎಣಿಸಬೇಕು, ಅದಕ್ಕೇ ಅಲ್ಲಿ ಹೆಚ್ಚು ಸಿಗುವುದಿಲ್ಲ.

ಗೋಜೋದ ಕಷ್ಟ ಪಂಚಾಂಗದಲ್ಲಿದೆ. ತಾಲೀಮು ಬಿಗಿಯಾಗಬೇಕಾದ ಜುಲೈ, ಆಗಸ್ಟ್‌ನಲ್ಲಿ ಹಬ್ಬ ಬರುತ್ತದೆ, ಅದೇ ಜನ ಬೀದಿ ಅಲಂಕಾರಕ್ಕೆ ಏಣಿ ಹತ್ತಿರುತ್ತಾರೆ. ಹಬ್ಬದಲ್ಲಿ ಕೂಗಿ ಕೂಗಿ ಗಂಟಲೂ ಹೋಗಿರುತ್ತದೆ.

ಯಾವ ಒಪೆರಾ ಆಡಬೇಕೆಂದು ಹೇಗೆ ತೀರ್ಮಾನಿಸುತ್ತಾರೆ? ಯಾವುದು ಸುಲಭ?

ಸುಲಭ, ಕಷ್ಟ ಎನ್ನುವುದು ಕೋರಸ್‌ನಿಂದ ನೋಡಿದರೆ ಒಂದು, ಖಜಾಂಚಿಯ ಕುರ್ಚಿಯಿಂದ ನೋಡಿದರೆ ಇನ್ನೊಂದು. 'ತೋಸ್ಕಾ'ದಲ್ಲಿ ಕೋರಸ್‌ಗೆ ದೊಡ್ಡ ಕೆಲಸವಿರುವುದು ಮೊದಲ ಅಂಕದ ಕೊನೆಯ ಚರ್ಚಿನ ದೃಶ್ಯದಲ್ಲಿ. ಖರ್ಚು ಕಡಿಮೆ, ಆದರೆ ನೂರು ಜನ ಸ್ವಯಂಸೇವಕರಿಗೆ ವೇದಿಕೆ ಸಿಗುವುದಿಲ್ಲ, ಮುನಿಸು ಗ್ಯಾರಂಟಿ. 'ನಬುಕ್ಕೋ' ಹವ್ಯಾಸಿಗಳ ಕಲ್ಪವೃಕ್ಷ. ಅದರ ಪ್ರಸಿದ್ಧ ಗುಲಾಮರ ಕೋರಸ್ ಬಹುಪಾಲು ಏಕಕಂಠದಲ್ಲಿದೆ. ನಾಲ್ಕು ದಾರಿಯಾಗಿ ಒಡೆಯುವ ಜಾಗ ಕಡಿಮೆ, ಪರಿಣಾಮ ಅಪಾರ. 'ಲಾ ಬೊಹೆಮ್' ಮೋಸಗಾರ. ನಾಲ್ಕು ಬಡ ಹುಡುಗರ ಕಥೆ, ಸರಳವಾಗಿದೆಯೆಂದು ಕೈಹಾಕುತ್ತಾರೆ. ಎರಡನೇ ಅಂಕದಲ್ಲಿ ಬೀದಿ ವ್ಯಾಪಾರಿಗಳು, ಮಕ್ಕಳು, ಆಟಿಕೆಯವನು, ಸೈನಿಕರ ಬ್ಯಾಂಡು ಎಲ್ಲ ಒಂದರ ಮೇಲೊಂದು ಬೀಳುತ್ತವೆ. ಒಂದು ಗುಂಪು ಅರ್ಧ ಮಾತ್ರೆ ತಡವಾದರೂ ಮುಂದಿನದು ಕುಸಿಯುತ್ತದೆ.

ಆದರೂ ಕೊನೆಯ ಪ್ರಶ್ನೆ ಯಾವಾಗಲೂ ಒಂದೇ: ಆಚೆಯವರು ಈ ವರ್ಷ ಏನು ಆಡುತ್ತಿದ್ದಾರೆ?

'ಐದಾ'ದ ಉದ್ದನೆಯ ತುತ್ತೂರಿಗಳನ್ನು ಬ್ಯಾಂಡಿನವರೇ ಊದಬಹುದಾ?

ಊದಬಹುದು, ಆ ಕ್ಷಣಕ್ಕಾಗಿ ಹಲ್ಲು ಕಚ್ಚಿ ಕಾಯುವವರೂ ಇರುತ್ತಾರೆ. ವೆರ್ದಿ ಆರು ನೇರ ತುತ್ತೂರಿ ಬರೆದಿದ್ದಾನೆ. ಮೂರು ಎ ಫ್ಲಾಟ್ ಶ್ರುತಿಯವು, ಮೂರು ಬಿ ಶ್ರುತಿಯವು. ಮೊದಲ ಮೂವರು ನುಡಿಸಿದ ಧುನಿಯನ್ನು ಎರಡನೇ ಗುಂಪು ಮೇಲಿನ ಶ್ರುತಿಯಲ್ಲಿ ಎತ್ತಿಕೊಂಡಾಗ ಸಭೆಯ ಬೆನ್ನು ನೆಟ್ಟಗಾಗುತ್ತದೆ. ಕೆಡುವುದು ಮೂರು ಕಡೆ. ಹಿತ್ತಾಳೆ ತಣ್ಣಗಿದ್ದರೆ ಶ್ರುತಿ ಇಳಿಯುತ್ತದೆ, ಆದ್ದರಿಂದ ಪಕ್ಕದಲ್ಲಿ ನಿಂತಿರುವಾಗಲೇ ಸದ್ದಿಲ್ಲದೆ ಬಿಸಿ ಉಸಿರು ಹರಿಸುತ್ತಿರಬೇಕು. ರಂಗದ ಬದಿಯಿಂದ ವಾದ್ಯವೃಂದ ನಡೆಸುವವರ ಕೋಲು ಕಾಣುವುದಿಲ್ಲ. ಅದನ್ನು ತೋರಿಸುವ ಸಣ್ಣ ಟಿವಿ ಪರದೆ ಇಡಬೇಕು. ಮೂರನೆಯದು ವಾದ್ಯದ ಉದ್ದ. ಪೂರ್ತಿ ಉಡುಪು, ಶಿರಸ್ತ್ರಾಣ ಹಾಕಿಕೊಂಡು ಒಮ್ಮೆಯಾದರೂ ತಿರುಗಿ ನೋಡಿಕೊಳ್ಳದಿದ್ದರೆ ಮುಂದಿನವನ ಕಿರೀಟ ಸಭೆಗೆ ಹಾರುತ್ತದೆ.

ಪ್ರದರ್ಶನದ ರಾತ್ರಿ ಸಾಮಾನ್ಯವಾಗಿ ಏನು ಕೆಡುತ್ತದೆ?

ಮೊದಲನೆಯದು ವಿಳಂಬ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ವೇದಿಕೆಯ ಹಿಂಬದಿಯಲ್ಲಿ ನಿಂತ ಕೋರಸ್ 15 ಮೀಟರ್ ದೂರದ ವಾದ್ಯಗಳನ್ನು ಕೇಳಿ ಹಾಡಿದರೆ, ಕೇಳುವಾಗಲೇ 44 ಮಿಲಿಸೆಕೆಂಡ್ ತಡ. ಅವರ ದನಿ ಮರಳಿ ಮುಂದಕ್ಕೆ ಬರುವಷ್ಟರಲ್ಲಿ ಅದರ ಎರಡರಷ್ಟು. ವೇಗದ ಜಾಗದಲ್ಲಿ ಇದು ಚೆನ್ನಾಗಿ ಕಿವಿಗೆ ಬೀಳುತ್ತದೆ. ಮದ್ದು ಒಂದೇ: ಕಿವಿಯನ್ನು ನಂಬದೆ ಕಣ್ಣನ್ನು ನಂಬಿ, ಕೋಲಿನ ಜೊತೆ ಹಾಡುವುದು. ಹವ್ಯಾಸಿಗಳು ಭಯವಾದ ಕೂಡಲೇ ನೆಲ ನೋಡುತ್ತಾರೆ, ಅಲ್ಲಿಗೆ ಮುಗಿಯಿತು.

ಎರಡನೆಯದು ಸಮುದ್ರ. ಡೊಳ್ಳು, ಹಾರ್ಪ್, ಡಬಲ್ ಬೇಸ್ ಎಲ್ಲ ಹಡಗಿನಲ್ಲೇ ಬರಬೇಕು. ಅಕ್ಟೋಬರ್ ಎಂದರೆ ಗುಡುಗುಮಳೆ ಶುರುವಾಗುವ ಕಾಲ. ಗಾಳಿ ಎದ್ದರೆ ಹಡಗು ನಿಲ್ಲುತ್ತದೆ. ದೊಡ್ಡ ವಾದ್ಯ ಹಿಂದಿನ ದಿನವೇ ದಾಟಿಸುವುದು ಜಾಣತನ, ತೇವಕ್ಕೆ ತಂತಿ ಹೊಂದಿಕೊಳ್ಳಲೂ ಸಮಯ ಸಿಗುತ್ತದೆ.

ಮೂರನೆಯದು ಗಂಟಲು. ಮುಖ್ಯ ಗಾಯಕಿಗೆ ಶೀತವಾದರೆ ಬದಲಿ ಗಾಯಕಿ ದ್ವೀಪದಲ್ಲೇ ಇರಬೇಕು, ವಿಮಾನದ ದೂರದಲ್ಲಲ್ಲ.

## ನಾಟಕ ಕಟ್ಟುವವರಿಗೆ

ಇದನ್ನಿಟ್ಟುಕೊಂಡು ಹಾಸ್ಯ ನಾಟಕ ಬರೀಬೇಕು ಅಂತಿದ್ದೀವಿ. ನಾಯಕ ಯಾರಾಗಬೇಕು?

ಯಾರೂ ಆಗಬಾರದು. ಒಬ್ಬ ನಾಯಕನನ್ನು ನಿಲ್ಲಿಸಿದ ಕೂಡಲೇ ಅವನ ಪಕ್ಷ ಸರಿ, ಇನ್ನೊಂದು ತಪ್ಪು ಎಂದಾಗುತ್ತದೆ. ನಗು ಅಲ್ಲಿಗೆ ಸಾಯುತ್ತದೆ. ಎಂಟೋ ಒಂಬತ್ತೋ ಪಾತ್ರ ಇಡಿ, ಪ್ರತಿಯೊಬ್ಬರಿಗೂ ಒಂದು ನ್ಯಾಯವಾದ ಬೇಡಿಕೆ ಕೊಡಿ, ಅವು ಒಂದೇ ಸಂಜೆ ಈಡೇರಲಾರದಂತೆ ಹೆಣೆಯಿರಿ. ಇಬ್ಬರು ಅಧ್ಯಕ್ಷರು ಬೇಕೇ ಬೇಕು. ಎರಡೂ ಮನೆಗಳಲ್ಲಿ ಬಸೂನ್ (ಉದ್ದನೆಯ ಮರದ ಊದುವಾದ್ಯ) ನುಡಿಸುವ ವಾದಕ ಚಿನ್ನದಂಥ ಪಾತ್ರ. ಅವನಿಗೆ ಎರಡೂ ಕಡೆಯ ಗುಟ್ಟು ಗೊತ್ತು, ಸಂಬಳ ಎರಡೂ ಕಡೆಯದು, ಅಭಿಪ್ರಾಯ ಮಾತ್ರ ಇಲ್ಲ. ಆಚೆ ಪಕ್ಷಕ್ಕೆ ಸೊಸೆಯಾಗಿ ಹೋದ ದರ್ಜಿ, ವಿಳಾಸ ತಪ್ಪಿ ಎದುರಾಳಿಗಳ ಬಾಗಿಲಿಗೆ ಬಂದಿಳಿಯುವ ವಿದೇಶಿ ಗಾಯಕಿ, ಇಬ್ಬರ ಪಾಪನಿವೇದನೆಯನ್ನೂ ಕೇಳಬೇಕಾದ ಪಾದ್ರಿ, ಹಡಗು ಬಿಡುವುದೋ ಬೇಡವೋ ಎಂದು ಹೇಳಬೇಕಾದ ಬಂದರಿನ ಗುಮಾಸ್ತ. ಇವರಲ್ಲಿ ಯಾರೂ ತಾವು ತಮಾಷೆಯವರೆಂದು ಅಂದುಕೊಂಡಿರಬಾರದು.

ಎರಡು ಪಕ್ಷದ ಹುಡುಗ ಹುಡುಗಿಯ ಪ್ರೇಮಕಥೆ ತರಲೇ ಎಂದು ಅನೇಕರು ಕೇಳುತ್ತಾರೆ. ಬೇಡ. ಪ್ರೇಕ್ಷಕರಿಗೆ ಕೊನೆ ಮೊದಲೇ ಗೊತ್ತಾಗುತ್ತದೆ. ಮೂವತ್ತು ವರ್ಷದಿಂದ ಮದುವೆಯಾಗಿ, ಅಕ್ಟೋಬರ್‌ನಲ್ಲಿ ಮಾತ್ರ ಮಾತು ಬಿಡುವ ಗಂಡ ಹೆಂಡತಿಯನ್ನು ತನ್ನಿ.

ಮೊದಲರ್ಧದ ಕೊನೆಯಲ್ಲಿ ಎಲ್ಲರೂ ವೇದಿಕೆ ಮೇಲೆ ಬಂದು ಗದ್ದಲ ಆಗುತ್ತೆ, ಏನೂ ಅರ್ಥ ಆಗಲ್ಲ. ಏನು ಮಾಡೋದು?

ಒಪೆರಾದಿಂದಲೇ ಕಲಿಯಿರಿ, ಈ ಕಸುಬನ್ನು ತಿದ್ದಿತೀಡಿದವರು ಅವರೇ. ಮೊಜಾರ್ಟನ 'ಫಿಗರೋ'ದ (1786) ಎರಡನೇ ಅಂಕದ ಮುಕ್ತಾಯ ಸುಮಾರು 20 ನಿಮಿಷದ್ದು. ಇಬ್ಬರ ಜಗಳದಿಂದ ಶುರುವಾಗುತ್ತದೆ. ಮೂರನೆಯವಳು ಬಂದಾಗ ಜಗಳ ತಲೆಕೆಳಗು, ನಾಲ್ಕನೆಯವನು ಬಂದಾಗ ಇನ್ನೊಮ್ಮೆ, ತೋಟದ ಮಾಲಿ ಕುಂಡ ಹಿಡಿದು ಬಂದಾಗ ಮತ್ತೊಮ್ಮೆ. ಕೊನೆಗೆ ಏಳು ಜನ. ಗುಟ್ಟು ಇಷ್ಟೇ, ಯಾರೂ ಗುಂಪಾಗಿ ಬರುವುದಿಲ್ಲ, ತೀರ ಕೊನೆಯ ತಂಡದ ಹೊರತು. ಪ್ರತಿ ಪ್ರವೇಶಕ್ಕೂ ಹೊಸ ಸುದ್ದಿಯೊಂದಿರುತ್ತದೆ, ಮತ್ತು ಆ ಸುದ್ದಿ ಬಲವನ್ನು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿಸುತ್ತದೆ.

ರೊಸ್ಸೀನಿಯದು ಇನ್ನೊಂದು ದಾರಿ. 1813ರ 'ಲಿತಾಲಿಯಾನಾ ಇನ್ ಅಲ್ಜೇರಿ'ಯ ಮೊದಲ ಅಂಕದ ಕೊನೆಗೆ ಎಲ್ಲರ ತಲೆ ಕೆಟ್ಟು, ಒಬ್ಬರಿಗೆ ಗಂಟೆಯ ಸದ್ದು, ಒಬ್ಬರಿಗೆ ಸುತ್ತಿಗೆ, ಒಬ್ಬನಿಗೆ ಕಾಗೆ, ಒಬ್ಬನಿಗೆ ಫಿರಂಗಿ. ಮಾತಿನ ಅರ್ಥ ಬೇಡವಾದ ಮೇಲೆ ಗದ್ದಲವೇ ಅರ್ಥ. ಆದರೆ ಅದಕ್ಕೆ ಮುಂಚೆ ಎಲ್ಲರೂ ಬೆಪ್ಪಾಗಿ ನಿಂತು ನಿಧಾನ ಹಾಡುವ ಭಾಗವೊಂದಿದೆ. ಆ ನಿಶ್ಚಲತೆ ಇಲ್ಲದಿದ್ದರೆ ಆಮೇಲಿನ ಓಟ ಬರೀ ಕಿರುಚಾಟ. ನಿಮ್ಮ ನಾಟಕದಲ್ಲೂ ಗದ್ದಲಕ್ಕೆ ಮುಂಚೆ ಹತ್ತು ಸೆಕೆಂಡ್ ಯಾರೂ ಅಲ್ಲಾಡದಂತೆ ಮಾಡಿ ನೋಡಿ.

ನಟರಿಗೆ ವಾದ್ಯ ನುಡಿಸೋಕೆ ಬರಲ್ಲ. ಧ್ವನಿಮುದ್ರಣ ಹಾಕಿ ನಟಿಸಿದರೆ ನಡೆಯುತ್ತಾ?

ನಡೆಯುತ್ತದೆ, ಮೊದಲ ಎರಡು ಸಾಲಿನವರಿಗೆ ಮಾತ್ರ ಕಾಣುತ್ತದೆ. ಹಾಸ್ಯ ಕೆಡಲು ಅಷ್ಟು ಸಾಕು. ಕ್ಲಾರಿನೆಟ್ ಸುಳ್ಳು ಬೆರಳಿಗೆ ಬೇಗ ಸಿಕ್ಕಿಬೀಳುತ್ತದೆ. ಟ್ರೊಂಬೋನ್ ಇನ್ನೂ ಕಷ್ಟ, ದಂಡ ಎಲ್ಲಿದೆಯೆಂದು ಎಲ್ಲರಿಗೂ ಕಾಣುತ್ತದೆ. ಝಲ್ಲರಿ, ದೊಡ್ಡ ಡೋಲು, ಟ್ಯೂಬಾ ಕ್ಷಮಾಗುಣದವು. ನಮ್ಮ ಸಲಹೆ: ನಟರು ನುಡಿಸುವುದನ್ನು ತೋರಿಸಬೇಡಿ, ನುಡಿಸದಿರುವುದನ್ನು ತೋರಿಸಿ. ಬ್ಯಾಂಡಿನವರ ಬದುಕಿನ ಬಹುಪಾಲು ಕಾಯುವುದು, ಉಗುಳು ಹನಿಸುವುದು, ಹಾಳೆ ಹುಡುಕುವುದು, ಯಾರು ಮುಂದಿನ ಸಾಲು ಎಂದು ಜಗಳವಾಡುವುದು. ನಿಜವಾಗಿ ಊದಬಲ್ಲ ಒಬ್ಬರಿದ್ದರೆ ಎಂಟು ಮಾತ್ರೆಯ ಒಂದು ತುಣುಕು ಕೊಡಿ, ಕೊನೆಯ ಸ್ವರವನ್ನು ಪ್ರತಿ ಸಲವೂ ಏನಾದರೊಂದು ತಡೆಯಲಿ. ಸಣ್ಣ ಸಭಾಂಗಣದಲ್ಲಿ ತೆರೆದ ಟ್ರಂಪೆಟ್ ಮಾತನ್ನು ನುಂಗಿಹಾಕುತ್ತದೆ. ದನಿ ತಗ್ಗಿಸುವ ಮ್ಯೂಟ್ ಹಾಕಿಸಿ, ಇಲ್ಲವೇ ವಾದ್ಯದ ಅಗಲ ಬಾಯಿಯನ್ನು ಗೋಡೆಗೆ ತಿರುಗಿಸಿ.

ಕಥೆಯನ್ನು ನಮ್ಮೂರಿಗೆ ತಂದು ಎರಡು ಯಕ್ಷಗಾನ ಮೇಳ ಅಂತ ಮಾಡಿಬಿಟ್ಟರೆ?

ಜೋಡಾಟ ನೋಡಿದವರಿಗೆ ಗೋಜೋ ತಕ್ಷಣ ಅರ್ಥವಾಗುತ್ತದೆ, ನಿಜ. ಹಾಗೆಂದು ಹೆಸರು ಬದಲಿಸಿದರೆ ಎರಡೂ ಹಾಳು. ಜೋಡಾಟದಲ್ಲಿ ಎರಡು ಮೇಳ ಅಕ್ಕಪಕ್ಕ ನಿಂತು ಅದೇ ಪ್ರಸಂಗವನ್ನು ಅದೇ ರಾತ್ರಿ ಆಡುತ್ತವೆ, ತೀರ್ಪು ಕಣ್ಣೆದುರೇ. ಗೋಜೋದಲ್ಲಿ ಒಬ್ಬರನ್ನೊಬ್ಬರು ನೋಡುವುದೇ ಇಲ್ಲ. ಎಲ್ಲವೂ ಕೇಳಿದ್ದು, ಊಹಿಸಿದ್ದು, ಬಸೂನ್ ವಾದಕನಿಂದ ಹೊರಡಿಸಿದ್ದು. ನಗು ಹುಟ್ಟುವುದು ಆ ಕುರುಡಿನಿಂದ. ದ್ವೀಪದಲ್ಲೇ ಇಡಿ, ಮಾತು ಮಾತ್ರ ಒಳ್ಳೆಯ ಕನ್ನಡದಲ್ಲಿರಲಿ.

ವೆರ್ದಿ, ಪುಚ್ಚೀನಿ ಸಂಗೀತ ಬಳಸಲು ಯಾರ ಅನುಮತಿ ಬೇಕು?

ರಚನೆಗೆ ಬೇಡ. ವೆರ್ದಿ 1901ರಲ್ಲಿ, ಪುಚ್ಚೀನಿ 1924ರಲ್ಲಿ ತೀರಿಕೊಂಡರು. ಭಾರತದಲ್ಲಿ ಹಕ್ಕು ಲೇಖಕ ಸತ್ತ ಮೇಲೆ 60 ವರ್ಷ, ಯೂರೋಪಿನಲ್ಲಿ 70. ಆದರೆ ಧ್ವನಿಮುದ್ರಣದ ಹಕ್ಕು ಬೇರೆ. ಭಾರತದಲ್ಲಿ ಅದು ಪ್ರಕಟವಾದ ಮೇಲೆ 60 ವರ್ಷ. ನಿಮಗಿಷ್ಟವಾದ ಹೊಸ ಮುದ್ರಣವನ್ನು ಸುಮ್ಮನೆ ಹಾಕುವಂತಿಲ್ಲ. ಹೊಸ ಅನುವಾದ, ಹೊಸ ವಾದ್ಯ ಜೋಡಣೆಗಳಿಗೂ ಅವರವರ ಹಕ್ಕಿದೆ. ಎಲ್ಲರೂ ಮರೆಯುವುದು ಬ್ಯಾಂಡ್ ಮಾರ್ಚ್‌ಗಳನ್ನು. ಹಬ್ಬದಲ್ಲಿ ಕೇಳಿದ ಮಾರ್ಚ್ ನೂರು ವರ್ಷ ಹಳೆಯದರಂತೆ ಕೇಳಿಸಿದರೂ ಬರೆದಾತ ಆ ಬೀದಿಯಲ್ಲೇ ಕಾಫಿ ಕುಡಿಯುತ್ತಿರಬಹುದು. ಯಾವ ಸಂಘದ ಮಾರ್ಚೋ ಆ ಸಂಘಕ್ಕೇ ಬರೆದು ಕೇಳಿ. ಇನ್ನೊಂದು ಸಂಘದ್ದನ್ನೂ ಬಳಸುತ್ತಿದ್ದರೆ ಅದನ್ನು ಅದೇ ಪತ್ರದಲ್ಲಿ ಬರೆಯಬೇಡಿ.